ಬೆಳ್ಳಿಗೆ ಬಾಚಣಿಗೆ



ಹೋದ ಸಂಚಿಕೆಯಲ್ಲಿ ಹಾಗಲಕಾಯಿ ಗೊಜ್ಜು ಹೇಳಿಕೊಟ್ಟವಳು ಈ ಸಲ ನಾಯಿಯ ಕೂದಲಿನ ವಿಚಾರ ಎತ್ತಿದಳಲ್ಲ ಎಂದು ಹುಬ್ಬೇರಿಸಬೇಡಿ. ಮನೆ ಎಂದ ಮೇಲೆ ಮನುಷ್ಯರಷ್ಟೇ ಅಲ್ಲ. ಹಸು, ಕರು, ಬೆಕ್ಕು, ನಾಯಿ ಎಲ್ಲವೂ ನಮ್ಮ ಲೆಕ್ಕಕ್ಕೇ ಬರುತ್ತವೆ. ನಾಯಿಯನ್ನು ಆಸೆಪಟ್ಟು ತರುವವರು ಮಕ್ಕಳು, ಹೊರಗೆ ಸುತ್ತಾಡಿಸಿ ಹೆಮ್ಮೆ ಪಡುವವರು ಯಜಮಾನರು. ಆದರೆ ಅದರ ಕೂದಲು ಗುಡಿಸುವವರು ಯಾರು? ನಾವೇ ತಾನೆ! ಆದ್ದರಿಂದ ಈ ಮಾತು ನಮ್ಮ ಪುಟದಲ್ಲಿ ಬರುವುದೇ ಸರಿ.

ಕಳೆದ ತಿಂಗಳು ಮಾಸ್ತಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಮಾಲೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಮಾಸ್ತಿ ಎಂದರೆ ಕಥೆಗಾರರ ಊರಲ್ಲವೆ? 1983ರಲ್ಲಿ ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನ ಮೊದಲಲ್ಲಿರುವುದು ಇದೇ ಊರು. ಅಲ್ಲಿಗೆ ಹೋದರೆ ಒಂದು ಕಥೆಯಾದರೂ ಸಿಗುತ್ತದೆ ಎಂದು ನಾನು ತಮಾಷೆ ಮಾಡುವುದುಂಟು. ಈ ಸಲ ನಿಜವಾಗಿಯೂ ಸಿಕ್ಕಿತು.

ಬಾಗಿಲಲ್ಲಿ ಕಾಲಿಟ್ಟರೆ ಮನೆಯಲ್ಲಿ ದೊಡ್ಡ ರಂಪ. ತಂಗಿಯ ಅತ್ತೆ ಪೊರಕೆ ಹಿಡಿದು ನಿಂತಿದ್ದರು. ಅವರ ಮುಂದೆ ಅಂಗೈಯಗಲ ಬಿಳಿ ಕೂದಲಿನ ರಾಶಿ. ಮೂಲೆಯಲ್ಲಿ ಬಾಲ ಮಡಚಿಕೊಂಡು ಬೆಳ್ಳಿ.

“ನೀನೇ ಹೇಳಮ್ಮ, ಸಾರಲ್ಲಿ ಕೂದ್ಲು, ಹಾಸಿಗೇಲಿ ಕೂದ್ಲು. ನಾಯಿ ಕೂದ್ಲು ಹೊಟ್ಟೆಗೆ ಹೋದ್ರೆ ಹೆಣ್ಣುಮಕ್ಕಳಿಗೆ ಗರ್ಭ ನಿಲ್ಲಲ್ಲ ಅಂತಾರೆ. ಮೇಲಾಗಿ ಒಂದು ವಾರದಿಂದ ಹತ್ರ ಹೋಗೋಕಾಗದಷ್ಟು ವಾಸನೆ. ನಾಳೆ ಇದನ್ನ ಎಲ್ಲಾದ್ರೂ ಬಿಟ್ಟು ಬಾ ಅಂತ ಮಗನಿಗೆ ಹೇಳ್ಬಿಟ್ಟಿದ್ದೀನಿ” ಅಂದರು.

ತಂಗಿ ಏನೂ ಮಾತಾಡಲಿಲ್ಲ. ಅವಳ ಏಳು ವರ್ಷದ ಮಗಳು ಮಾತ್ರ ಬೆಳ್ಳಿಯ ಪಕ್ಕದಲ್ಲಿ ಕೂತು ಅಳುತ್ತಿತ್ತು.

ಬೆಳ್ಳಿ ಬಿಳಿಯ ಸ್ಪಿಟ್ಜ್ ಜಾತಿಯದು. ನಮ್ಮ ಕಡೆ ಎಲ್ಲರೂ ಪಮೇರಿಯನ್ ಅನ್ನುತ್ತಾರೆ, ಆದರೆ ನಮ್ಮೂರುಗಳಲ್ಲಿ ಕಾಣುವ ಬಹುಪಾಲು ಬಿಳಿ ನಾಯಿಗಳು ಇಂಡಿಯನ್ ಸ್ಪಿಟ್ಜ್. 1994ರಲ್ಲಿ ಬಂದ ಒಂದು ಹಿಂದಿ ಸಿನಿಮಾದಲ್ಲಿ ಟಫಿ ಅನ್ನುವ ಬಿಳಿ ನಾಯಿ ಎಲ್ಲರ ಮನಸ್ಸು ಗೆದ್ದಿದ್ದು ನಿಮಗೆ ನೆನಪಿರಬಹುದು. ಅದೇ ಜಾತಿ.

ಹೋದ ವರ್ಷ ಬೇಸಿಗೆಯಲ್ಲಿ ಸೆಕೆಯಾಗುತ್ತದೆಂದು ತಂಗಿಯ ಯಜಮಾನರು ಯಾರನ್ನೋ ಕರೆಸಿ, ಜೀರೋ ಮಿಷನ್ ಹಾಕಿಸಿ ಬೆಳ್ಳಿಯ ಮೈ ಪೂರ್ತಿ ಬೋಳಿಸಿಬಿಟ್ಟಿದ್ದರು. ಆಮೇಲೆ ಕಾಲು, ಹೊಟ್ಟೆಯ ಕಡೆ ಕೂದಲು ಬಂತು, ಬೆನ್ನಿನ ಮೇಲೆ ಬರಲಿಲ್ಲ. ಬಂದದ್ದೂ ಹತ್ತಿಯ ಹಾಗೆ ಮೆತ್ತಗೆ ಬಂದು, ಗಂಟು ಗಂಟಾಗಿ ಸಿಕ್ಕು ಹಾಕಿಕೊಂಡಿತ್ತು. ಕಿವಿಯ ಹಿಂದೆ ಮುಟ್ಟಿದರೆ ಬೆರಣಿಯ ಹಾಗೆ ಗಟ್ಟಿ. ಅಲ್ಲಿ ಮುಟ್ಟಲು ಹೋದರೆ ಎಂದೂ ಕಚ್ಚದ ಬೆಳ್ಳಿ ಗುರ್ ಅನ್ನುತ್ತಿತ್ತು.

ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ಈ ವಿದ್ಯೆ ಗೊತ್ತಿತ್ತು, ಅವಳ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಅವಳು ತಂಗಿಯ ನಾದಿನಿ. ಬೆಂಗಳೂರಿನಲ್ಲಿ ಕೆಲಸ. ಊರಲ್ಲಿ ಕೇಳಿದವರಿಗೆಲ್ಲ “ಕಂಪನಿ ಕೆಲಸ” ಎಂದು ಅತ್ತೆಯವರು ಹೇಳುತ್ತಿದ್ದರು. ಅವಳು ನಿಜವಾಗಿ ಮಾಡುತ್ತಿದ್ದುದು ನಾಯಿಗಳ ಪಾರ್ಲರಿನಲ್ಲಿ, ನಾಯಿಗಳಿಗೆ ಸ್ನಾನ ಮಾಡಿಸಿ, ಬಾಚಿ, ಕೂದಲು ಕತ್ತರಿಸುವ ಕೆಲಸ. “ನಾಯಿಗೆ ಕ್ಷೌರ ಮಾಡ್ತಾಳೆ ಅಂತ ಗೊತ್ತಾದ್ರೆ ಯಾರು ಹೆಣ್ಣು ಕೇಳ್ತಾರೆ?” ಅನ್ನುವುದು ಅತ್ತೆಯವರ ಅಳಲು. ನನ್ನ ಹತ್ತಿರ ಅಷ್ಟು ಹೇಳಲೂ ಅವರಿಗೆ ಸಂಕೋಚ.

ನಾನು ತಂಗಿಯ ಕೈಯಿಂದ ಫೋನ್ ಮಾಡಿಸಿದೆ. ಮಾರನೆಯ ದಿನ ಭಾನುವಾರ, ಬೆಳಗಿನ ರೈಲಿಗೇ ಹುಡುಗಿ ಬಂದಳು. ಕೈಯಲ್ಲೊಂದು ಚೀಲ. ಅದರಲ್ಲಿ ನಾಲ್ಕಾರು ಬಗೆಯ ಬಾಚಣಿಗೆ, ಕತ್ತರಿ, ಟ್ರಿಮ್ಮರ್.

ಬಾಚುವುದು ಮೊದಲು, ನೀರು ಆಮೇಲೆ

ನಾನು ನೀರು ಕಾಯಿಸಲು ಹೊರಟೆ. “ಬೇಡಕ್ಕ, ಈಗ್ಲೇ ಬೇಡ. ಸಿಕ್ಕಿರೋ ಕೂದಲಿಗೆ ನೀರು ಬಿದ್ರೆ ಗಂಟು ಇನ್ನೂ ಬಿಗಿಯುತ್ತೆ. ಉಣ್ಣೆ ಬಟ್ಟೆ ಬಿಸಿನೀರಲ್ಲಿ ಒಗೆದ ಹಾಗೆ” ಎಂದು ತಡೆದಳು.

ನಾವು ಮಾಡುವ ಮೊದಲ ತಪ್ಪೇ ಇದು. ವಾಸನೆ ಬಂತೆಂದು ನಾಯಿಯನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಸೋಪು ತಿಕ್ಕುತ್ತೇವೆ. ಗಂಟಿನೊಳಗೆ ಹೋದ ನೀರು ಒಣಗುವುದಿಲ್ಲ. ಒಳಗಿನ ಚರ್ಮ ಬೆವರಿದ ಮಗುವಿನ ಕತ್ತಿನ ಹಾಗೆ ಕೆಂಪಾಗಿ, ಹುಣ್ಣಾಗಿ, ಇನ್ನೂ ಹೆಚ್ಚು ವಾಸನೆ ಬರುತ್ತದೆ.

ಹುಡುಗಿ ಬೆಳ್ಳಿಯನ್ನು ಜಗುಲಿಯ ಮೇಲೆ ಗೋಣಿತಾಟು ಹಾಸಿ ನಿಲ್ಲಿಸಿದಳು. ನೆಲ ಜಾರಿದರೆ ನಾಯಿ ಹೆದರುತ್ತದೆ, ಹೆದರಿದ ನಾಯಿ ಕಚ್ಚುತ್ತದೆ, ಅದಕ್ಕೇ ಗೋಣಿ. ಚಿಕ್ಕ ಗಂಟುಗಳ ಮೇಲೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿದಳು. ಎಡಗೈ ಬೆರಳಿನಿಂದ ಗಂಟಿನ ಬುಡವನ್ನು ಹಿಡಿದು, ಬಲಗೈಯಿಂದ ತುದಿಯಿಂದ ಬಿಡಿಸುತ್ತ ಬಂದಳು. ಬುಡ ಹಿಡಿದರೆ ಚರ್ಮ ಎಳೆಯುವುದಿಲ್ಲ, ನೋಯುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಜಡೆ ಹಾಕುವಾಗ ಸಿಕ್ಕು ಬಿಡಿಸುವುದೂ ಹೀಗೇ ಅಲ್ಲವೆ? ನೆತ್ತಿಯಿಂದ ಎಳೆದರೆ ಮಗು ಕಿರುಚುತ್ತದೆ. ತುದಿಯಿಂದ ಬಂದರೆ ಸುಮ್ಮನಿರುತ್ತದೆ. ಕೋಲಾರದ ಕಡೆ ರೇಷ್ಮೆ ಬಿಚ್ಚುವವರಿಗಂತೂ ಇದನ್ನು ಹೇಳಿಕೊಡುವುದೇ ಬೇಡ. ಎಳೆ ಹುಡುಕಿ ಬಿಡಿಸಬೇಕೇ ಹೊರತು ಎಳೆದಾಡಬಾರದು.

ದೊಡ್ಡ ಗಂಟಿಗೆ ಕತ್ತರಿ ಹಾಕುವಾಗ ಬಹಳ ಎಚ್ಚರ ಬೇಕು. ಗಂಟನ್ನು ಮೇಲೆತ್ತಿದಾಗ ಅದರೊಂದಿಗೆ ಚರ್ಮವೂ ಟೆಂಟಿನ ಹಾಗೆ ಮೇಲೆದ್ದಿರುತ್ತದೆ. ಅಲ್ಲಿ ಕತ್ತರಿ ಹಾಕಿದರೆ ಚರ್ಮವೇ ಕತ್ತರಿಸಿ ಹೋಗುತ್ತದೆ. ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿ, ಬಾಚಣಿಗೆಯ ಮೇಲ್ಗಡೆ ಮಾತ್ರ ಕತ್ತರಿಸಬೇಕು. ಬಾಚಣಿಗೆ ತೂರದಷ್ಟು ಬಿಗಿಯಾಗಿದ್ದರೆ ಕತ್ತರಿ ಮುಟ್ಟಲೇಬೇಡಿ, ಅದು ಟ್ರಿಮ್ಮರಿನ ಕೆಲಸ. ಟ್ರಿಮ್ಮರಿನ ಬ್ಲೇಡು ಬೇಗ ಕಾಯುತ್ತದೆ. ಹುಡುಗಿ ಆಗಾಗ ಅದನ್ನು ತನ್ನ ಮಣಿಕಟ್ಟಿಗೆ ಮುಟ್ಟಿಸಿ ನೋಡಿಕೊಳ್ಳುತ್ತಿದ್ದಳು, ನಾವು ಮಗುವಿನ ಹಾಲಿನ ಬಿಸಿ ನೋಡುವ ಹಾಗೆ.

ಕಿವಿಯ ಹಿಂದಿನ ಗಂಟನ್ನು ತೆಗೆದಾಗ ನಾವೆಲ್ಲ ಬೆಚ್ಚಿಬಿದ್ದೆವು. ಒಳಗೆ ಒಂದು ರೂಪಾಯಿ ಅಗಲದ ಹುಣ್ಣು. ಅದರಲ್ಲಿ ಹುಳು ಮಿಸುಕಾಡುತ್ತಿದ್ದವು. ಒದ್ದೆಯ ಕೂದಲಿನಲ್ಲಿ ನೊಣ ಕೂತು ಮೊಟ್ಟೆಯಿಟ್ಟಿತ್ತು. ಬೆಳ್ಳಿ ಗುರ್ ಅನ್ನುತ್ತಿದ್ದುದು ಅಹಂಕಾರಕ್ಕಲ್ಲ, ನೋವಿಗೆ. ವಾಸನೆ ಬರುತ್ತಿದ್ದುದೂ ಅಲ್ಲಿಂದಲೇ.

“ಇಲ್ಲಿಗೆ ನನ್ನ ಕೆಲಸ ಮುಗೀತು. ಇದು ಡಾಕ್ಟರ ಕೆಲಸ” ಎಂದು ಹುಡುಗಿ ಕೈ ತೊಳೆದುಕೊಂಡಳು. ಸ್ನಾನದ ಮಾತೇ ಎತ್ತಲಿಲ್ಲ. ಬೆಳ್ಳಿಯನ್ನು ಟವೆಲಿನಲ್ಲಿ ಸುತ್ತಿ, ಅಣ್ಣನ ಸ್ಕೂಟರಿನಲ್ಲಿ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದರು. ವೈದ್ಯರು ಹುಳು ತೆಗೆದು, ಔಷಧಿ ಹಾಕಿ, ಇಂಜೆಕ್ಷನ್ ಕೊಟ್ಟರು. ಇನ್ನು ಕೆಲವು ದಿನ ಹಾಗೇ ಬಿಟ್ಟಿದ್ದರೆ ಕಿವಿಯೊಳಗೇ ಹೋಗುತ್ತಿತ್ತು ಅಂದರಂತೆ. ಮನೆಯಿಂದ ಹೊರಗೆ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಎಲ್ಲ ನಾಯಿಗೂ ಒಂದೇ ಬಾಚಣಿಗೆ ಅಲ್ಲ

ಆ ರಾತ್ರಿ ಊಟದ ನಂತರ ಹುಡುಗಿಯನ್ನು ಕೂರಿಸಿಕೊಂಡು ನಾನು ಕೇಳಿ ಬರೆದುಕೊಂಡದ್ದನ್ನು ನಿಮಗಾಗಿ ಇಲ್ಲಿ ಕೊಡುತ್ತಿದ್ದೇನೆ. ನಿಮ್ಮ ಮನೆಯ ನಾಯಿ ಯಾವ ಗುಂಪಿಗೆ ಸೇರುತ್ತದೆ ನೋಡಿಕೊಳ್ಳಿ.

*ಗಿಡ್ಡ ನುಣುಪು ಕೂದಲು:* ನಮ್ಮ ಬೀದಿಯ ನಾಡನಾಯಿ, ಮುಧೋಳ, ರಾಜಪಾಳ್ಯಂ, ಪಗ್, ಡಾಬರ್‌ಮನ್ ಇವೆಲ್ಲ ಈ ಗುಂಪು. ಇವುಗಳ ಆರೈಕೆ ಬಹಳ ಸುಲಭ. ವಾರಕ್ಕೊಂದು ಸಲ ರಬ್ಬರ್ ಬ್ರಷ್ಷಿನಿಂದ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಮೈ ಮಿರಮಿರ ಮಿಂಚುತ್ತದೆ. ತಿಂಗಳಿಗೊಂದು ಸ್ನಾನ ಸಾಕು. ಕೂದಲು ಗಿಡ್ಡವೆಂದು ಉದುರುವುದಿಲ್ಲ ಅಂದುಕೊಳ್ಳಬೇಡಿ. ಪಗ್ ಸಾಕಿದವರನ್ನು ಕೇಳಿ! ಪಗ್‌ನ ಮುಖದ ಮಡಿಕೆಗಳನ್ನು ದಿನಾ ಒರೆಸಿ ಒಣಗಿಸಬೇಕು. ನಮ್ಮ ರಾಜ್ಯದ್ದೇ ಆದ ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು; ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಅದರ ಮೈಯಲ್ಲಿ ಕೊಬ್ಬೂ ಕಡಿಮೆ, ಕೂದಲೂ ತೆಳು. ಚಳಿಗಾಲದಲ್ಲಿ ಮಲಗಲು ಬೆಚ್ಚಗಿನ ಗೋಣಿ, ಹಳೆ ಕಂಬಳಿ ಬೇಕು.

*ಎರಡು ಪದರದ ಕೂದಲು:* ಸ್ಪಿಟ್ಜ್, ಲ್ಯಾಬ್ರಡಾರ್, ಆಲ್ಸೇಷಿಯನ್ ಎಂದು ನಾವು ಕರೆಯುವ ಜರ್ಮನ್ ಶೆಫರ್ಡ್ ಈ ಗುಂಪಿನವು. ಹೊರಗಡೆ ಸ್ವಲ್ಪ ಒರಟಾದ ಉದ್ದ ಕೂದಲು, ಒಳಗಡೆ ಹತ್ತಿಯಂಥ ಮೆತ್ತನೆಯ ಕೂದಲು. ಹೊರಗೂದಲು ಬಿಸಿಲು, ಮಳೆ ತಡೆಯುತ್ತದೆ. ಒಳಗೂದಲು ಚಳಿ ತಡೆಯುತ್ತದೆ. ಋತು ಬದಲಾದಾಗ ಒಳಗೂದಲು ರಾಶಿ ರಾಶಿ ಉದುರುತ್ತದೆ. ಮನೆಯಲ್ಲಿ ಜಗಳವಾಗುವುದು ಈ ಕೂದಲಿಗಾಗಿಯೇ.

ಸೆಕೆಯಾಗುತ್ತದೆಂದು ಇವನ್ನು ಬೋಳಿಸುವುದು ದೊಡ್ಡ ತಪ್ಪು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಗುಸಿರು ಬಿಟ್ಟು ಮೈ ತಣಿಸಿಕೊಳ್ಳುತ್ತದೆ, ಅಂಗಾಲಿನಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ಕೂದಲು ತೆಗೆದರೆ ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ. ಬಿಳಿ ನಾಯಿಗಳ ಚರ್ಮವಂತೂ ಸುಟ್ಟು ಕೆಂಪಾಗುತ್ತದೆ. ಬೋಳಿಸಿದ ಜಾಗದಲ್ಲಿ ಕೂದಲು ಮತ್ತೆ ಬರಲು ವರ್ಷವೇ ಹಿಡಿಯಬಹುದು. ಬೆಳ್ಳಿಯ ಬೆನ್ನು ಬೋಳಾಗಿ ಉಳಿದದ್ದು ಹೀಗೆ. ಸೆಕೆಗೆ ಬೇಕಾದದ್ದು ನೆರಳು, ನೀರು, ಮತ್ತು ಉದುರಿದ ಒಳಗೂದಲನ್ನು ಬಾಚಿ ತೆಗೆಯುವುದು. ಆಗ ಗಾಳಿಯಾಡುತ್ತದೆ.

ಇವಕ್ಕೆ ಬೇಕಾದ ಸಾಮಾನು ಎರಡೇ: ಸಣ್ಣ ತಂತಿಗಳಿರುವ ಸ್ಲಿಕ್ಕರ್ ಬ್ರಷ್, ಹಲ್ಲು ವಿರಳವಾಗಿರುವ ಸ್ಟೀಲ್ ಬಾಚಣಿಗೆ. ವಾರಕ್ಕೆ ಎರಡು ಸಲ, ಉದುರುವ ಕಾಲದಲ್ಲಿ ದಿನಾ, ಅಂಗಳದಲ್ಲಿ ಕೂತು ಹತ್ತು ನಿಮಿಷ ಬಾಚಿ. ಮೇಲೆ ಮೇಲೆ ಸವರಿದರೆ ಪ್ರಯೋಜನವಿಲ್ಲ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಸರಿಸಿ, ಚರ್ಮ ಕಾಣುವ ಹಾಗೆ ಮಾಡಿಕೊಂಡು ಸಾಲು ಸಾಲಾಗಿ ಬಾಚಬೇಕು. ಅಂಗಳದಲ್ಲಿ ಹತ್ತು ನಿಮಿಷ ತೆಗೆದ ಕೂದಲು ನಿಮ್ಮ ಸಾರಿಗೆ ಬೀಳುವುದಿಲ್ಲ!

*ಉದ್ದ ರೇಷ್ಮೆ ಕೂದಲು:* ಶಿಟ್ಜು, ಲಾಸಾ ಆಪ್ಸೊ, ಕಾಕರ್ ಸ್ಪ್ಯಾನಿಯಲ್. ಈಗ ಸಣ್ಣ ಊರುಗಳಿಗೂ ಇವು ಬಂದಿವೆ. ನೋಡಲು ಬಲು ಚಂದ, ಆದರೆ ದಿನಾ ಬಾಚಲು ಪುರುಸೊತ್ತಿಲ್ಲದವರು ತರಬೇಡಿ. ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದು, ಕತ್ತಿನ ಪಟ್ಟಿಯ ಕೆಳಗೆ, ಈ ನಾಲ್ಕು ಕಡೆ ಮೊದಲು ಸಿಕ್ಕು ಹಿಡಿಯುತ್ತದೆ. ಮುಖದ ಕೂದಲು ಕಣ್ಣಿಗೆ ಚುಚ್ಚದ ಹಾಗೆ ಕತ್ತರಿಸಿ ಅಥವಾ ಮೇಲಕ್ಕೆ ಕಟ್ಟಿ. ಉದ್ದ ಕೂದಲಿನ ಆಸೆ ಬಿಟ್ಟು, ಮರಿಯ ಹಾಗೆ ಒಂದಂಗುಲ ಉದ್ದಕ್ಕೆ ಸಮನಾಗಿ ಕತ್ತರಿಸಿಡುವುದೇ ಮನೆವಾರ್ತೆಗೆ ಒಪ್ಪುವ ದಾರಿ. ಬೋಳಿಸುವುದು ಬೇರೆ, ಉದ್ದ ತಗ್ಗಿಸುವುದು ಬೇರೆ, ನೆನಪಿರಲಿ. ಕಾಕರ್‌ನ ಜೋಲು ಕಿವಿಯನ್ನು ವಾರಕ್ಕೊಮ್ಮೆ ಎತ್ತಿ ಮೂಸಿ ನೋಡಿ. ಹುಳಿ ವಾಸನೆ ಬಂದರೆ ಕಿವಿಯ ಸೋಂಕು.

*ಗುಂಗುರು ಕೂದಲು:* ಪೂಡಲ್ ಈ ಜಾತಿ. ಇದರ ಕೂದಲು ಹೆಚ್ಚು ಉದುರುವುದಿಲ್ಲ, ಆದರೆ ಬೆಳೆಯುತ್ತಲೇ ಇರುತ್ತದೆ. ಉದುರಿದ್ದೂ ಗುಂಗುರಿನೊಳಗೇ ಸಿಕ್ಕಿಕೊಂಡು ಕಂಬಳಿಯಾಗುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ತಿಳಿದವರಿಂದ ಕತ್ತರಿಸಲೇಬೇಕು. ಹೀಗೆ ಒರಟು ತಂತಿಯಂಥ ಕೂದಲಿನ ಟೆರಿಯರ್ ಜಾತಿಗಳೂ ಉಂಟು. ಅವುಗಳ ಸತ್ತ ಕೂದಲನ್ನು ಕೈಯಿಂದಲೇ ಕೀಳುವ ಕ್ರಮವಿದೆ. ನಮ್ಮ ಕಡೆ ಅವು ಅಪರೂಪ, ಆದ್ದರಿಂದ ಬಿಡೋಣ.

ಸ್ನಾನದ ಕ್ರಮ

ಬೆಳಗಿನ ಎಳೆ ಬಿಸಿಲಿರುವ ದಿನ ನೋಡಿ. ಉಗುರುಬೆಚ್ಚಗಿನ ನೀರು. ಕಿವಿಗೆ ಹತ್ತಿ ಇಡಿ, ತೆಗೆಯಲು ಮರೆಯಬೇಡಿ. ಮೊದಲು ಕತ್ತಿನ ಸುತ್ತ ನೊರೆಯ ಬಳೆ ಮಾಡಿ. ಮೈ ಒದ್ದೆಯಾದಾಗ ಚಿಗಟಗಳು ಮುಖದ ಕಡೆ ಓಡುವುದನ್ನು ಇದು ತಡೆಯುತ್ತದೆ. ಆಮೇಲೆ ಬೆನ್ನು, ಹೊಟ್ಟೆ, ಕಾಲು. ಮುಖವನ್ನು ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ನಾವು ಹಚ್ಚುವ ಸೋಪು, ಶಾಂಪೂ ನಮ್ಮ ಚರ್ಮಕ್ಕೆ ಮಾಡಿದ್ದು. ನಾಯಿಯ ಚರ್ಮ ತೆಳು, ಅದರ ಆಮ್ಲದ ಗುಣವೂ ಬೇರೆ. ಬಟ್ಟೆ ಸೋಪಂತೂ ಖಂಡಿತ ಬೇಡ. ನಾಯಿಗೆಂದೇ ಮಾಡಿದ ಶಾಂಪೂವನ್ನು ಚೊಂಬಿನ ನೀರಿನಲ್ಲಿ ತೆಳು ಮಾಡಿಕೊಂಡರೆ ಒಂದು ಸೀಸೆ ತಿಂಗಳುಗಟ್ಟಲೆ ಬರುತ್ತದೆ. ನೊರೆ ಹಚ್ಚಿದಷ್ಟು ಹೊತ್ತಿನ ಎರಡರಷ್ಟು ಹೊತ್ತು ನೀರು ಹಾಕಿ ತೊಳೆಯಬೇಕು. ಉಳಿದ ಸೋಪೇ ತುರಿಕೆಗೆ ಮೂಲ.

ಒಣಗಿಸುವುದು ಸ್ನಾನಕ್ಕಿಂತ ಮುಖ್ಯ. ಹಳೆಯ ಹತ್ತಿ ಸೀರೆ ಒತ್ತಿ ಒತ್ತಿ ನೀರು ಹೀರಿಸಿ. ಉಜ್ಜಿದರೆ ಮತ್ತೆ ಸಿಕ್ಕಾಗುತ್ತದೆ. ಬೆರಳ ಸಂದು, ಕಂಕುಳು ಒಣಗಿದೆಯೇ ನೋಡಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಯಲ್ಲಿ, ದೂರದಿಂದ ಹಿಡಿಯಿರಿ.

ಉಗುರು ನೆಲಕ್ಕೆ ತಾಗಿ ಟಕಟಕ ಸದ್ದಾದರೆ ಕತ್ತರಿಸುವ ಕಾಲ ಬಂತು. ಬಿಳಿ ಉಗುರಿನೊಳಗೆ ಗುಲಾಬಿ ಬಣ್ಣದ ರಕ್ತನಾಳ ಕಾಣುತ್ತದೆ, ಅದಕ್ಕಿಂತ ಮುಂಚೆಯೇ ನಿಲ್ಲಿಸಬೇಕು. ಕಪ್ಪು ಉಗುರಾದರೆ ತುದಿ ತುದಿ ಮಾತ್ರ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಕಾಲಿನ ಮೇಲ್ಭಾಗದಲ್ಲಿ ಒಂಟಿಯಾಗಿರುವ ಉಗುರನ್ನು ಮರೆತರೆ ಅದು ಸುತ್ತಿಕೊಂಡು ಮಾಂಸಕ್ಕೇ ಚುಚ್ಚುತ್ತದೆ.

ಕೂದಲು ಬೆಳೆಯುವುದು ತಟ್ಟೆಯಿಂದ

ಕೂದಲು ಎಂದರೆ ಬಹುಪಾಲು ಪ್ರೋಟೀನು. ಬರೀ ಅನ್ನ ಸಾರು, ಬರೀ ರಾಗಿ ಅಂಬಲಿ ಹಾಕಿದರೆ ಕೂದಲು ಬಣ್ಣಗೆಟ್ಟು ಉದುರುತ್ತದೆ. ಹುಡುಗಿ ಹೇಳಿಕೊಟ್ಟ ಒಂದು ಅಡಿಗೆ ಇಲ್ಲಿದೆ. ಬೆಳ್ಳಿಯಷ್ಟಿರುವ ನಾಯಿಗೆ ವಾರಕ್ಕೆರಡು ಸಲ ಹಾಕಬಹುದು.

ಬೇಕಾಗುವ ಸಾಮಾನು: ರಾಗಿ ಹಿಟ್ಟು 3 ದೊಡ್ಡ ಚಮಚ, ಸಿಹಿಗುಂಬಳದ ಹೋಳು ಅರ್ಧ ಬಟ್ಟಲು, ಮೂಳೆ ತೆಗೆದ ಕೋಳಿ ಮಾಂಸ 100 ಗ್ರಾಂ ಅಥವಾ ಮೊಟ್ಟೆ 2, ನೀರು 2 ಲೋಟ.

ಮಾಡುವ ವಿಧಾನ: ಮಾಂಸ, ಕುಂಬಳವನ್ನು ನೀರಿನಲ್ಲಿ ಮೆತ್ತಗೆ ಬೇಯಿಸಿ. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸುರಿದು, ಗಂಟಾಗದಂತೆ ಕೈಯಾಡಿಸುತ್ತ ಹತ್ತು ನಿಮಿಷ ಬೇಯಿಸಿ. ಮಾಂಸ ತಿನ್ನದ ಮನೆಯವರು ಮೊಟ್ಟೆ ಬೇಯಿಸಿ ಕಿವುಚಿ ಹಾಕಬಹುದು. ಅದೂ ಇಲ್ಲದವರು ಪನೀರು, ಮೊಸರು ಸೇರಿಸಲಿ. ಆರಿದ ಮೇಲೆ ಹಾಕಿ. ಉಪ್ಪು, ಖಾರ, ಒಗ್ಗರಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ, ಹಾಕಬೇಡಿ.

ಅತ್ತೆಯವರ ಮಾತು

ನಾನು ಮಾಸ್ತಿಯಲ್ಲಿ ಇನ್ನೂ ಮೂರು ದಿನ ಇದ್ದೆ. ಹುಡುಗಿಯೂ ರಜೆ ಹಾಕಿ ಉಳಿದಳು. ದಿನಾ ಗಾಯಕ್ಕೆ ಔಷಧಿ, ಗಾಯವಿಲ್ಲದ ಕಡೆ ಬಾಚಣಿಗೆ. ಮೂರನೆಯ ದಿನ ಬೆಳ್ಳಿ ತಾನಾಗಿ ಬಂದು ಅವಳ ಕಾಲ ಹತ್ತಿರ ತಲೆ ಒಡ್ಡಿತು. ಮನೆಯಲ್ಲಿ ಗುಡಿಸಿದರೆ ಕೂದಲು ಬಹಳ ಕಡಿಮೆ. ವಾಸನೆ ಇಲ್ಲವೇ ಇಲ್ಲ. ಅತ್ತೆಯವರು ಎರಡು ದಿನ ಏನೂ ಹೇಳದೆ ದೂರದಿಂದ ನೋಡುತ್ತಿದ್ದರು.

ಸಾಯಂಕಾಲ ಪಕ್ಕದ ಮನೆಯಾಕೆ ಹಾಲಿನ ಡೈರಿಗೆ ಹೋಗುವ ದಾರಿಯಲ್ಲಿ ನಿಂತು, “ಏನಕ್ಕ, ನಾಯಿ ಇಷ್ಟು ಲಕ್ಷಣವಾಗಿದೆ? ಯಾರ ಕೈಲಿ ಮಾಡಿಸಿದ್ರಿ?” ಎಂದು ಕೇಳಿದರು. ತಂಗಿ ನನ್ನ ಮುಖ ನೋಡಿದಳು. ಹುಡುಗಿ ತಲೆ ತಗ್ಗಿಸಿದಳು.

ಅತ್ತೆಯವರು ಒಂದು ಗಳಿಗೆ ಸುಮ್ಮನಿದ್ದು, “ಯಾರ ಕೈಲಿ ಏನು? ನನ್ನ ಮಗಳದ್ದು ಬೆಂಗಳೂರಲ್ಲಿ ಇದೇ ಕೆಲಸ. ಹುಳ ಬಿದ್ದಿದ್ದ ಕಿವೀನ ಅವಳೇ ಕಂಡುಹಿಡಿದಿದ್ದು. ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲ” ಅಂದರು. ಆಮೇಲೆ ಸ್ವಲ್ಪ ತಡೆದು, “ನಿಮ್ಮ ಮನೆ ಲ್ಯಾಬ್ ಐತಲ್ಲ, ಅದನ್ನೂ ಕರ್ಕೊಂಡು ಬನ್ನಿ. ಆದ್ರೆ ಬಿಟ್ಟಿ ಮಾಡಲ್ಲ, ದುಡ್ಡು ಕೊಡ್ಬೇಕು” ಎಂದು ಸೇರಿಸಿದರು.

ಹುಡುಗಿಗೆ ನಗು ತಡೆಯಲಾಗಲಿಲ್ಲ. ಆ ರಾತ್ರಿ ಅವಳು ಊಟಕ್ಕೆ ಕೂತಾಗ ಅತ್ತೆಯವರೇ ಬಡಿಸಿದರು, ಮುದ್ದೆಯ ಮೇಲೆ ಎರಡು ಚಮಚ ತುಪ್ಪ.

ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಕೈಯಲ್ಲಿ ವಿದ್ಯೆ ಇಟ್ಟುಕೊಂಡು, ನಾವು ನಾಚಿಕೊಳ್ಳುತ್ತೇವೆಂದು ಅದನ್ನು ಮುಚ್ಚಿಡುತ್ತಾರೆ. ಹೊಲಿಗೆ ಮಾಡುವವಳು ಜಾಣೆ, ನಾಯಿಯ ಗಾಯ ಹುಡುಕುವವಳು ಯಾಕೆ ಜಾಣೆಯಲ್ಲ? ನಿಮ್ಮ ಮನೆಯಲ್ಲಿ ಅಂಥ ಹುಡುಗಿ ಇದ್ದರೆ, ಕೇಳಿದವರ ಮುಂದೆ ಅವಳ ಕೆಲಸದ ಹೆಸರನ್ನು ಸ್ಪಷ್ಟವಾಗಿ ಹೇಳಿ. ಅಷ್ಟು ಮಾಡಿದರೆ ಸಾಕು.

ನಿಮ್ಮ ಪ್ರಶ್ನೆಗಳು

*ಮಾಲೂರಿನ ಸೋದರಿ:* ನಾಯಿ ಕೂದಲು ಹೊಟ್ಟೆಗೆ ಹೋದರೆ ಗರ್ಭ ನಿಲ್ಲುವುದಿಲ್ಲವೆಂದು ಹೇಳುತ್ತಾರೆ. ನನಗೆ ಈಗ ಮೂರು ತಿಂಗಳು. ನಾಯಿಯನ್ನು ಬೇರೆಯವರಿಗೆ ಕೊಡಬೇಕೆ?

ಕೊಡಬೇಕಾಗಿಲ್ಲ, ತಾಯಿ. ಕೂದಲಿನಿಂದ ಗರ್ಭಕ್ಕೆ ಏನೂ ಆಗುವುದಿಲ್ಲ. ಎಚ್ಚರ ಬೇಕಾದದ್ದು ನಾಯಿಯ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆಗಳ ಬಗ್ಗೆ. ಅವು ಕೈಗೆ, ಮಣ್ಣಿಗೆ, ಕೂದಲಿಗೆ ಅಂಟಿ ಬಾಯಿಗೆ ಹೋಗಬಹುದು. ಪಶುವೈದ್ಯರು ಹೇಳಿದ ಕಾಲಕ್ಕೆ ನಾಯಿಗೆ ಜಂತಿನ ಔಷಧಿ ಕುಡಿಸಿ, ಹುಚ್ಚುನಾಯಿ ರೋಗದ ಲಸಿಕೆ ಪ್ರತಿವರ್ಷ ಹಾಕಿಸಿ. ಮಾಂಸದಂಗಡಿಯ ಹಸಿ ಕರುಳು, ಈಲಿ ಹಾಕಬೇಡಿ. ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಮಲ ತೆಗೆಯುವ, ಬಾಚುವ ಕೆಲಸವನ್ನು ಈ ಕೆಲವು ತಿಂಗಳು ಯಜಮಾನರಿಗೆ ವಹಿಸಿ, ಅವರೂ ಕಲಿಯಲಿ! ಮನೆಯಲ್ಲಿ ಉಬ್ಬಸದವರಿದ್ದರೆ ಮಾತ್ರ ನಿಮ್ಮ ಡಾಕ್ಟರನ್ನು ಕೇಳಿ. ನಾಯಿಯ ಚರ್ಮದ ಹೊಟ್ಟಿನಿಂದ ಕೆಲವರಿಗೆ ಉಬ್ಬಸ ಹೆಚ್ಚಾಗುವುದುಂಟು.

*ಶ್ರೀನಿವಾಸಪುರದ ಸೋದರಿ:* ನಮ್ಮ ನಾಯಿಗೆ ಉಣ್ಣಿ ತುಂಬಿದೆ. ಟೊಮೆಟೊ ಗಿಡಕ್ಕೆ ಹೊಡೆಯುವ ಔಷಧಿ ಉಳಿದಿದೆ. ಅದನ್ನು ತೆಳು ಮಾಡಿ ಹಚ್ಚಬಹುದೆ?

ದಯವಿಟ್ಟು ಬೇಡ! ಬೆಳೆಗೆ ಹೊಡೆಯುವ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ, ನಾಯಿ ನೆಕ್ಕಿಕೊಂಡರೂ ಹೋಗುತ್ತದೆ. ಜೊಲ್ಲು ಸುರಿದು, ಮೈ ನಡುಗಿ, ಜೀವವೇ ಹೋಗಬಹುದು. ಹಚ್ಚಿ ಆಗಿದ್ದರೆ ತಡಮಾಡದೆ, ಡಬ್ಬಿಯ ಸಮೇತ ಪಶುವೈದ್ಯರ ಹತ್ತಿರ ಓಡಿ. ಸೀಮೆಎಣ್ಣೆ, ಫಿನಾಯಿಲ್ ಕೂಡ ಬೇಡ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುವವರಿದ್ದಾರೆ. ಕರ್ಪೂರವೂ ನಾಯಿಗೆ ವಿಷವೇ.

ಹತ್ತಾರು ಉಣ್ಣಿಗಳಿದ್ದರೆ ಚಿಮುಟದಿಂದ, ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆದು ಸೋಪಿನ ನೀರಿಗೆ ಹಾಕಿ. ಬೆರಳಿನಿಂದ ಹಿಸುಕಬೇಡಿ. ಹೆಚ್ಚಿದ್ದರೆ ವೈದ್ಯರು ನಾಯಿಯ ತೂಕ ನೋಡಿ ಔಷಧಿ ಕೊಡುತ್ತಾರೆ. ಉಣ್ಣಿ ಮೊಟ್ಟೆಯಿಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ, ಒಂದೊಂದೂ ಸಾವಿರಾರು. ಆದ್ದರಿಂದ ನಾಯಿ ಮಲಗುವ ಜಾಗದ ಬಿರುಕು ಮುಚ್ಚಿಸಿ ಸುಣ್ಣ ಬಳಿಸಿ, ಗೋಣಿಯನ್ನು ಕುದಿಯುವ ನೀರಿನಲ್ಲಿ ಹಾಕಿ. ನಾಯಿ ಊಟ ಬಿಟ್ಟು, ಜ್ವರ ಬಂದು, ವಸಡು ಬಿಳಿಚಿಕೊಂಡರೆ ಅಥವಾ ಮೂಗಿನಲ್ಲಿ ರಕ್ತ ಬಂದರೆ ಅದು ಉಣ್ಣಿ ಜ್ವರವಿರಬಹುದು. ಒಂದು ದಿನವೂ ಕಾಯಬೇಡಿ.

*ಮುಳಬಾಗಿಲಿನ ಸೋದರಿ:* ಬಾಚಣಿಗೆ ಕಂಡರೆ ನಮ್ಮ ನಾಯಿ ಮಂಚದ ಕೆಳಗೆ ಓಡುತ್ತದೆ. ಏನು ಮಾಡಲಿ?

ಮೊದಲ ದಿನ ಬಾಚಣಿಗೆ ತೋರಿಸಿ ಒಂದು ತುಂಡು ಬಿಸ್ಕತ್ತು ಕೊಡಿ, ಅಷ್ಟೇ. ಎರಡನೆಯ ದಿನ ಬೆನ್ನಿಗೆ ಒಂದು ಸಲ ಸವರಿ ಇನ್ನೊಂದು ತುಂಡು. ಹೀಗೆ ವಾರ ಕಳೆಯಲಿ. ಬಾಚುವಾಗ ಒಂದೇ ಜಾಗದಲ್ಲಿ ಮಾತ್ರ ಗುರ್ ಅಂದರೆ ಗದರಬೇಡಿ. ಆ ಜಾಗದಲ್ಲೇ ಕೂದಲು ಸರಿಸಿ ನೋಡಿ. ಬೆಳ್ಳಿ ನಮಗೆ ಕಲಿಸಿದ ಪಾಠ ಅದು.

ಬರುವ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುಂಚೆ ಹಪ್ಪಳ, ಸಂಡಿಗೆ ಡಬ್ಬಿಗಳನ್ನು ಕಾಪಾಡುವ ಬಗೆ. ಅಲ್ಲಿಯವರೆಗೆ ನಿಮ್ಮ ನಿಮ್ಮ ಮನೆಯ ಬೆಳ್ಳಿ, ರಾಜ, ಜಿಮ್ಮಿಗಳ ಕಿವಿಯ ಹಿಂದೆ ಒಮ್ಮೆ ಕೈಯಾಡಿಸಿ ನೋಡಿ.

ನಿಮ್ಮ,
ಅಕ್ಕ